ದೋಣಿಯವಳು ಬಂದ್ಲಾ?

ಮೊನ್ನೆ ಶುಕ್ರವಾರ ಶಿವಮೊಗ್ಗದ ನವುಲೆಯ ನನ್ನ ಜೆರಾಕ್ಸ್ ಅಂಗಡಿಯಲ್ಲಿ ಯಂತ್ರ ಮತ್ತೆ ಕೈಕೊಟ್ಟಿತು. ಒಳಗೆ ಸಿಕ್ಕಿಕೊಂಡ ಹಾಳೆಯನ್ನು ಸಿಟ್ಟಿನಿಂದ ಎಳೆದೆ. ಅರ್ಧ ಈ ಕೈಗೆ ಬಂತು, ಅರ್ಧ ಆ ಕೈಗೆ. ಮುಚ್ಚಳದಡಿಯಿಂದ ಕಾದ ಕಾಗದದ ವಾಸನೆ ಮುಖಕ್ಕೆ ಹೊಡೆಯಿತು. ಕೌಂಟರಿನಾಚೆ ನಿಂತಿದ್ದ ಕಾಲೇಜು ಹುಡುಗಿ “ಏನಾಯ್ತು ಆಂಟಿ?” ಎಂದಳು. ಎರಡೂ ಮುಷ್ಟಿ ಜೋಡಿಸಿ, ಫಟ್ಟಂತ ಎರಡು ಕಡೆಗೆ ಎಳೆದು ತೋರಿಸಿದೆ. ಅವಳು ನನ್ನನ್ನೇ ಮಿಕಿಮಿಕಿ ನೋಡಿದಳು. ಪಾಪ, ಅವಳಿಗೇನು ಗೊತ್ತು...

ಆ ಸನ್ನೆ ಭದ್ರಾವತಿಯದು. ಅಲ್ಲಿ ಕಾಗದದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ನಾನು ಬೆಳೆದದ್ದು. ಯಂತ್ರ ಓಡುವಾಗ ಪಕ್ಕದಲ್ಲಿ ನಿಂತವರು ಕಿರುಚಿದರೂ ಕೇಳಿಸುತ್ತಿರಲಿಲ್ಲವಂತೆ. ಹಾಗಾಗಿ ಕೆಲಸಗಾರರು ಎಲ್ಲವನ್ನೂ ಕೈಯಲ್ಲೇ ಆಡುತ್ತಿದ್ದರು. ಟೀ ಬಂತು ಅನ್ನುವುದಕ್ಕೊಂದು ಸನ್ನೆ, ಸಾಹೇಬರು ಬಂದರು ಅನ್ನುವುದಕ್ಕೊಂದು. ಮುಷ್ಟಿ ಜೋಡಿಸಿ ಎಳೆದರೆ ‘ಹಾಳೆ ಹರಿದಿದೆ’ ಎಂದರ್ಥ. ಈ ಸನ್ನೆಗಳೆಲ್ಲ ಪಾಳಿ ಮುಗಿಸಿಕೊಂಡು ಅವರ ಜೊತೆಗೇ ಮನೆಗೂ ಬರುತ್ತಿದ್ದವು. ಲಂಗದ ಲಾಡಿ ಕಿತ್ತರೂ, ಯಾರದೋ ಮದುವೆ ಮಾತು ಮುರಿದರೂ ನಮ್ಮ ಬೀದಿಯ ಹೆಂಗಸರು ಅದೇ ಎರಡು ಮುಷ್ಟಿ ತೋರಿಸುತ್ತಿದ್ದರು.

ನಮ್ಮ ಎದುರುಮನೆಯ ಮಾವ ಆ ಯಂತ್ರದ ಮೇಲೆ ಕೆಲಸಕ್ಕಿದ್ದವರು. ಸಂಬಂಧದಲ್ಲೇನೂ ಮಾವನಲ್ಲ, ಕರೆದು ಕರೆದು ಆದ ಮಾವ. ಅವರ ಹೆಂಡತಿ ನನಗೆ ಅತ್ತೆ. ಮಾವನ ಮನೆಮಾತು ತೆಲುಗು, ಅತ್ತೆಯದು ಕನ್ನಡ, ಜಗಳಕ್ಕೆ ಎರಡೂ. ಮಾವನಿಗೆ ಇಂಗ್ಲಿಷ್ ಕಾದಂಬರಿಗಳ ಹುಚ್ಚು. ವಾರದ ರಜೆಗೆ ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಿ ಹಳೇ ಪುಸ್ತಕ ಹೊತ್ತು ತರುತ್ತಿದ್ದರು. ಹಾಗೆ ತಂದದ್ದರಲ್ಲಿ ದಪ್ಪದಪ್ಪದ ಮೂರು ಭಾಗಗಳಿದ್ದವು. ಒಬ್ಬ ಮಾಟಗಾತಿ ಸೂರ್ಯನನ್ನೇ ಕದ್ದು ಬಚ್ಚಿಟ್ಟ ನಾಡಿನ ಕಥೆ. ಹಗಲೇ ಇಲ್ಲದ ಊರುಗಳು, ಹಾರುವ ಹಾವುಗಳು, ಒಬ್ಬರ ಕತ್ತು ಒಬ್ಬರು ಕೊಯ್ಯುವ ರಾಜರು.

ಆ ಹೊತ್ತಿಗೆ ಅತ್ತೆ ಹಾಸಿಗೆ ಹಿಡಿದಿದ್ದರು. ಎದೆಯ ಕಾಯಿಲೆ, ಡಾಕ್ಟರು ಆಗಲೇ ಕೈಚೆಲ್ಲಿದ್ದರು. ಮಾವ ಪಾಳಿ ಮುಗಿಸಿ ಬಂದು ಮಂಚದ ಪಕ್ಕ ಸ್ಟೂಲು ಎಳೆದುಕೊಂಡು, ಇಂಗ್ಲಿಷನ್ನು ಕಣ್ಣಲ್ಲಿ ಓದಿ ಕನ್ನಡವನ್ನು ಬಾಯಲ್ಲಿ ಹೇಳುತ್ತಿದ್ದರು. ಪಿಯುಸಿ ಓದುತ್ತಿದ್ದ ನಾನೂ ಹೋಗಿ ಮಂಚದ ಕಾಲ ಬಳಿ ಕೂರುತ್ತಿದ್ದೆ. ಅತ್ತೆಗೆ ರಾಜರು ಬೇಡ, ಕಾಳಗ ಬೇಡ. ಆ ಕತ್ತಲಲ್ಲಿ ಬಡಪಾಯಿಗಳನ್ನು ಹೊಳೆ ದಾಟಿಸುವ ದೋಣಿಯವಳೊಬ್ಬಳಿದ್ದಳು, ಅವಳು ಬಂದರೆ ಸಾಕು ಕಿವಿ ನೆಟ್ಟಗಾಗುತ್ತಿತ್ತು.

“ಆ ರಾಜರ ಸುದ್ದಿ ಬಿಡ್ರಿ ಅತ್ಲಾಗೆ. ಅವ್ಳೇನ್ ಮಾಡಿದ್ಲು ಹೇಳಿ” ಎನ್ನುತ್ತಿದ್ದರು.

ಮೂರನೇ ಭಾಗದ ಕೊನೆಯಲ್ಲಿ ಹೊಳೆಯ ಮೇಲೆ ಹೆಪ್ಪುಗಟ್ಟಿದ ಮಂಜು ಬಿರುಕು ಬಿಟ್ಟು ದೋಣಿಯವಳು ಒಳಗೆ ಮುಳುಗಿದಳು. ಅಲ್ಲಿಗೆ ಪುಸ್ತಕ ಮುಗಿಯಿತು. ನಾಲ್ಕನೇ ಭಾಗ ಎಲ್ಲೂ ಸಿಗಲಿಲ್ಲ. ಗಾಂಧಿ ಬಜಾರಿನ ಪುಸ್ತಕದಂಗಡಿ ಸಾಹೇಬರು ಪ್ರತಿ ಸಲವೂ “ಅಗ್ಲೇ ಹಫ್ತೇ ಪಕ್ಕಾ ಸಾರ್, ಮುಂದಿನ್ ವಾರ” ಎನ್ನುವವರೇ. ಇತ್ತ ಅತ್ತೆಯದು ಒಂದೇ ರಾಗ. “ಅವ್ಳು ಮೇಲೆ ಬರ್ತಾಳೋ ಇಲ್ವೋ, ಅಷ್ಟು ಹೇಳ್ಬಿಡ್ರಿ. ನಂಗೆ ಸಾಕು.” ಕೇಳುತ್ತಾ ಕೇಳುತ್ತಾ ಅವರ ದನಿ ಸಣ್ಣದಾಗುತ್ತಿತ್ತು. ಮಾವ ಎದ್ದು ಅಂಗಳದಲ್ಲಿ ಶತಪಥ ಹಾಕುತ್ತಿದ್ದರು.

ಒಂದು ಸಂಜೆ ಮಾವ ಪೇಪರಿನ ಬೈಂಡು ಹಾಕಿದ ಪುಸ್ತಕ ಹಿಡಿದು “ಸಿಕ್ತು!” ಎಂದು ಬಂದರು. ನಾನು ನೋಡಿದ ಕೂಡಲೇ ಗುರುತು ಹಿಡಿದೆ. ಅದು ಹಳೆಯ ಮೂರನೇ ಭಾಗವೇ. ಅಂಚಿನ ಮೇಲೆ ಅತ್ತೆಯ ಕಷಾಯ ಚೆಲ್ಲಿದ ಕಲೆ ಹಾಗೇ ಇತ್ತು. ಮಾವ ತಲೆ ಬಗ್ಗಿಸಿ ಓದತೊಡಗಿದರು. ಹೊಳೆಯ ತಳದಲ್ಲಿ ದೋಣಿಯವಳು ತನ್ನ ಸೀರೆಯ ಸೆರಗನ್ನು ಅಂಗೈಯಗಲ ಹರಿದು, ಆ ಪಟ್ಟಿಯನ್ನು ಮಂಜಿನ ಬಿರುಕಿನಿಂದ ಮೇಲಕ್ಕೆ ತೂರಿಸಿದಳು. ದಡದಲ್ಲಿದ್ದವರು ಅದನ್ನು ಹಿಡಿದರು. ಮೊದಲು ಪಟ್ಟಿ ಬಂತು, ಅದರ ಹಿಂದೆ ಸೆರಗು, ಸೆರಗಿನ ಹಿಂದೆ ಅವಳು...

ಕಾಗದದ ಯಂತ್ರ ಗೊತ್ತಿದ್ದವರಿಗೆ ಇದು ಎಲ್ಲಿಂದ ಬಂತೆಂದು ಹೇಳಬೇಕಿಲ್ಲ. ಹಾಳೆ ಹರಿದರೆ ಪೂರ್ತಿ ಅಗಲವನ್ನು ಒಮ್ಮೆಗೇ ಯಂತ್ರಕ್ಕೆ ಪೋಣಿಸಲು ಬರುವುದಿಲ್ಲ. ಮೊದಲು ಅಂಗೈಯಗಲದ ಪಟ್ಟಿಯೊಂದನ್ನು ರೋಲರುಗಳ ನಡುವೆ ದಾಟಿಸುತ್ತಾರೆ. ಅದು ಆ ತುದಿ ಸೇರಿದ ಮೇಲೆ ಮೆಲ್ಲಗೆ ಅಗಲ ಮಾಡುತ್ತಾ ಬರುತ್ತಾರೆ. ಮಾವ ದಿನಾ ಮಾಡುವ ಕೆಲಸ ಅದು.

ಅತ್ತೆ ಮಂಚದ ಮೇಲಿಂದ ನನ್ನ ಕಡೆ ತಿರುಗಿದರು. ಹೊದಿಕೆಯ ಮೇಲೆ ಎರಡು ಬಡಕಲು ಮುಷ್ಟಿ ಜೋಡಿಸಿ ಮೆಲ್ಲಗೆ ಎಳೆದರು. ಹಾಳೆ ಹರಿದಿದೆ. ಕಣ್ಣಲ್ಲಿ ತುಂಟ ನಗು. ಪುಸ್ತಕದಲ್ಲಿ ಮುಳುಗಿದಂತೆ ನಟಿಸುತ್ತಿದ್ದ ಮಾವನಿಗೆ ಅದು ಕಾಣಲಿಲ್ಲ. ಅವರು ಕಾಫಿ ಮಾಡಲು ಒಳಗೆ ಹೋದಾಗ ಅತ್ತೆ ನನ್ನ ಕೈ ಹಿಡಿದುಕೊಂಡರು.

“ನಂಗೆ ಗೊತ್ತಾಯ್ತು ಅಂತ ಅವ್ರಿಗೆ ಹೇಳ್ಬೇಡ. ನನ್ನಾಣೆ. ಪಾಪ, ಎಷ್ಟು ಚೆನ್ನಾಗಿ ಪೋಣಿಸ್ತಿದಾರೆ ನೋಡು.”

ಮಳೆಗಾಲಕ್ಕೆ ಮುಂಚೆಯೇ ಅತ್ತೆ ಹೋಗಿಬಿಟ್ಟರು.

ಆಮೇಲೆ ಏನೇನೋ ಆಯಿತು. ಕಾರ್ಖಾನೆ ನಿಂತಿತು, ಕ್ವಾರ್ಟರ್ಸ್ ಖಾಲಿಯಾಯಿತು, ನಾನು ಮದುವೆಯಾಗಿ ಶಿವಮೊಗ್ಗ ಸೇರಿದೆ. ಮಾವ ಭದ್ರಾವತಿಯಲ್ಲೇ ತಂಗಿಯ ಮನೆಯ ಹಿಂದಿನ ಕೋಣೆಯಲ್ಲಿ ಉಳಿದರು. ಕಿವಿಯನ್ನು ಯಂತ್ರ ತಿಂದಿತ್ತು, ಕಣ್ಣನ್ನು ಸಕ್ಕರೆ ಕಾಯಿಲೆ ತಿನ್ನುತ್ತಿತ್ತು. ಮುಖಗಳು ಮಸುಕುಮಸುಕಾಗಿ ಕಾಣುತ್ತಿದ್ದವು, ಅಕ್ಷರ ಮಾತ್ರ ಸುತರಾಂ ಇಲ್ಲ.

ಈ ನಡುವೆ ಆ ಕಾದಂಬರಿಗಳು ಟಿವಿ ಸರಣಿಯಾದವು. ಭಾಗಕ್ಕೊಂದು ಸೀಸನ್. ಮೂರು ಸೀಸನ್ನುಗಳನ್ನು ನಾನು ನನ್ನ ಪಾಡಿಗೆ ನೋಡಿ ಮುಗಿಸಿದ್ದೆ. ನಾಲ್ಕನೆಯದು ಬರುತ್ತದೆಂದು ಗೊತ್ತಾದಾಗ ಯಾಕೋ ತಡೆಯಲಾಗದೆ ಬಸ್ಸು ಹತ್ತಿ ಹೋಗಿ ಮಾವನ ಕಿವಿಯಲ್ಲಿ ಕೂಗಿದೆ.

“ಅಮ್ಮಾಯಿ, ಆವತ್ತು ನಾನು ಓದಿದ್ದು ನಾಲ್ಕನೇ ಭಾಗ ಅಲ್ಲ” ಎಂದರು. “ಎಲ್ಲಾ ನಾನೇ ಕಟ್ಟಿದ್ದು. ಅವಳು ನಂಬ್ಕೊಂಡೇ ಹೋದ್ಲು. ಸಾಯೋಳಿಗೆ ಸುಳ್ಳು ಹೇಳಿ ಕಳಿಸ್ದೆ. ಆಮೇಲೆ ಆ ಪುಸ್ತಕ ಹುಡುಕೋಕೂ ಭಯ ಆಯ್ತು, ಸಿಕ್ಕಿದ್ರೆ ಓದ್ಬೇಕಲ್ಲ. ಈಗ ತಡೆಯೋಕಾಗಲ್ಲ. ದೋಣಿಯವಳು ಬಂದಿದ್ರೆ ನಾನು ಹೇಳಿದ್ದು ಸುಳ್ಳಾಗಲ್ಲ. ಅಷ್ಟು ಗೊತ್ತಾಗ್ಬೇಕು ನಂಗೆ.”

ಅತ್ತೆಗೆ ಗೊತ್ತಿತ್ತು ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದು ನಿಂತಿತು. ಆದರೆ ಆಣೆ. ಸತ್ತವರ ಆಣೆ ಮುರಿಯಲು ಧೈರ್ಯ ಬರಲಿಲ್ಲ. ನುಂಗಿಕೊಂಡೆ. ದೋಣಿಯವಳು ಹೇಗೂ ಬರುತ್ತಾಳೆ, ಬಂದರೆ ಎಲ್ಲ ತಾನಾಗೇ ಸರಿಹೋಗುತ್ತದೆ ಎಂದು ಹುಚ್ಚು ಧೈರ್ಯ ಮಾಡಿದೆ.

ಆಗ ಶುರುವಾಯಿತು ನೋಡಿ ಪಡಿಪಾಟಲು. ಶುಕ್ರವಾರಕ್ಕೊಂದು ಕಂತು. ಕಾಯುವುದು ನನ್ನ ಜಾಯಮಾನಕ್ಕೇ ಒಗ್ಗದ ಕೆಲಸ. ಕುಕ್ಕರ್ ಮೂರನೇ ಸೀಟಿ ಹೊಡೆಯುವವರೆಗೂ ನಿಲ್ಲಲಾಗದವಳು ನಾನು. ಅಂಗಡಿಯಲ್ಲೇ ಕಿವಿಗೆ ವೈರು ಸಿಕ್ಕಿಸಿಕೊಂಡು ನೋಡುತ್ತಿದ್ದೆ. ಕಂತಿನ ಮೇಲೆ ಕಂತು ಬರೀ ರಾಜರು, ಅವರ ಕುದುರೆ, ಅವರ ಗಡ್ಡ! ದೋಣಿಯವಳ ಸುದ್ದಿಯೇ ಇಲ್ಲ. ಇಂಟರ್ನೆಟ್ಟಿನಲ್ಲಿ ಕೊನೆ ಹುಡುಕೋಣವೆಂದರೆ ಮಾವ ಬೇಡವೆಂದು ಕೈಮುಗಿದಿದ್ದರು. ಮಧ್ಯಾಹ್ನದ ಹೊತ್ತಿಗೆ ಅವರ ಫೋನು.

“ಬಂದ್ಲಾ?”

ಅಷ್ಟೇ. ಫೋನಿನಲ್ಲಿ ನಾನೇನು ಹೇಳಿದರೂ ಅವರಿಗೆ ಕೇಳಿಸದು. ಅವರಿಗೂ ಅದು ಗೊತ್ತು. ಆದರೂ ಕೇಳಿ ಪಟ್ಟಂತ ಇಟ್ಟುಬಿಡುತ್ತಿದ್ದರು. ಅರ್ಧ ಗಂಟೆ ಬಿಟ್ಟು ಮತ್ತೆ, “ಬಂದ್ಲಾ?” ಭಾನುವಾರ ನಾನು ಲ್ಯಾಪ್‌ಟಾಪ್ ಹೊತ್ತು ಭದ್ರಾವತಿಗೆ ಹೋಗುವಷ್ಟರಲ್ಲಿ ಅವರು ಗೇಟಿನ ಬಳಿ ನಿಂತು ನಿಂತು ಕಾಲು ಸೋತಿರುತ್ತಿದ್ದರು. ನಾನು ಕಂತನ್ನು ತಡೆತಡೆದು ನಿಲ್ಲಿಸಿ, ಇಂಗ್ಲಿಷ್ ಮಾತನ್ನೆಲ್ಲ ಅವರ ಎಡಗಿವಿಯಲ್ಲಿ ಕನ್ನಡದಲ್ಲಿ ಕೂಗುತ್ತಿದ್ದೆ. ಅವರೋ, ರಾಜರು ಬಂದರೆ ಸಾಕು ಕೈಬೀಸಿ “ಇವರನ್ನ ಓಡ್ಸು ಅತ್ಲಾಗೆ” ಎನ್ನುತ್ತಿದ್ದರು. ಥೇಟ್ ಅತ್ತೆಯ ಹಾಗೆ.

ಕೊನೆಯ ಕಂತಿನಲ್ಲಿ ಸೂರ್ಯ ಮರಳಿ ಬಂದ. ಮಂಜು ಕರಗಿತು. ಹೊಳೆಯ ತಳದಿಂದ ದೋಣಿಯವಳ ಹೆಣ ಮೇಲೆದ್ದಿತು. ದಡದ ಜನ ಅವಳನ್ನು ಎತ್ತಿ ಮಣ್ಣು ಮಾಡಿದರು. ಅಷ್ಟೇ, ಮುಗಿಯಿತು. ನಾನು ಅಂಗಡಿಯಲ್ಲಿ ಗಿರಾಕಿಗಳೆದುರೇ ಅತ್ತುಬಿಟ್ಟೆ. ಆ ಕಥೆ ಬರೆದವನನ್ನು ಬಾಯಿಗೆ ಬಂದಂತೆ ಬೈದೆ. ಅಷ್ಟರಲ್ಲಿ ಫೋನು. “ಬಂದ್ಲಾ?” ಅವರಿಗೆ ಕೇಳಿಸುವುದಿಲ್ಲವೆಂದು ಗೊತ್ತಿದ್ದರೂ ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ಭಾನುವಾರದವರೆಗೆ ಎರಡು ದಿನವೂ ಒಳಗೆ ಹೊರಗೆ ಓಡಾಡಿದೆ. ಅನ್ನ ಸೇರಲಿಲ್ಲ. ಬಸ್ಸಿನಲ್ಲಿ ಕೂತಾಗ ತೀರ್ಮಾನ ಮಾಡಿದೆ. ಹೇಗೂ ಅವರಿಗೆ ಮಸುಕು ಮಸುಕು. ಹೊಳೆಯಿಂದ ಯಾರನ್ನೋ ಎತ್ತುವುದಷ್ಟೇ ಕಾಣುತ್ತದೆ. ಮಿಕ್ಕದ್ದು ನಾನು ಹೇಳಿದ ಹಾಗೆ.

ಆ ದೃಶ್ಯ ಬಂದಾಗ ಮಾವ ಪರದೆಗೆ ಮೂಗು ತಾಗುವಷ್ಟು ಬಗ್ಗಿದರು.

“ಬಂದ್ಲು ಮಾವ, ಬಂದ್ಲು!” ಎಂದು ಕೂಗಿದೆ. “ಕೆಳಗಿಂದ ಪಟ್ಟಿ ತೂರ್ಸಿದಾಳೆ. ದಡದಲ್ಲಿರೋರು ಹಿಡ್ಕೊಂಡ್ರು. ಈಗ ಸೆರಗು ಬರ್ತಿದೆ... ನೋಡಿ, ಸೆರಗಿನ ಹಿಂದೆ ಅವಳು!”

ಮಾವ ನಿಧಾನವಾಗಿ ನನ್ನ ಕಡೆ ತಿರುಗಿದರು. ಎರಡು ಮುಷ್ಟಿ ಜೋಡಿಸಿ, ಎಳೆದರು.

“ಆ ದೇಶದಲ್ಲಿ ಸೀರೆ ಯಾರು ಉಡ್ತಾರೆ ಮಾರಾಯ್ತಿ?” ಎಂದರು. “ನನ್ನ ಕಥೆ ನಂಗೇ ಹೇಳ್ತೀಯಾ? ನಿಜ ಹೇಳು. ಬಂದ್ಲಾ?”

“ಇಲ್ಲ ಮಾವ. ಬರ್ಲಿಲ್ಲ.”

ಅವರ ಮುಖ ಕಪ್ಪಿಟ್ಟಿತು. “ಹಾಗಾದ್ರೆ ಸುಳ್ಳೇ ಹೇಳಿ ಕಳಿಸ್ದೆ” ಎಂದು ಗೋಡೆಗೆ ಒರಗಿದರು. ನನಗೆ ಇನ್ನು ತಡೆಯಲಾಗಲಿಲ್ಲ. ಆಣೆ ಹಾಳಾಗಿ ಹೋಗಲಿ. ಅವರ ಎರಡೂ ಕೈ ಹಿಡಿದು, ಮುಷ್ಟಿ ಮಾಡಿಸಿ, ಜೋಡಿಸಿ ಎಳೆದೆ.

“ಅತ್ತೆ ಆವತ್ತು ಹಿಂಗೇ ಮಾಡಿದ್ರು! ನೀವು ಸೆರಗಿನ ಕಥೆ ಹೇಳ್ತಿದ್ರಲ್ಲ, ಆವಾಗ್ಲೇ! ಅವ್ರಿಗೆ ಎಲ್ಲಾ ಗೊತ್ತಿತ್ತು. ಚೆನ್ನಾಗಿ ಪೋಣಿಸ್ತಿದಾರೆ ಅಂತ ನಕ್ರು. ನಿಮ್ಗೆ ಹೇಳ್ಬೇಡ ಅಂತ ಆಣೆ ಹಾಕಿದ್ರು!”

ಇಡೀ ಮನೆಗೆ ಕೇಳುವಂತೆ ಕಿರುಚಿದ್ದೆ. ಮಾವ ತಮ್ಮ ಮುಷ್ಟಿಗಳನ್ನೇ ನೋಡುತ್ತಾ ಕೂತರು. ಗಂಟಲಿನಿಂದ ಎಂಥದೋ ಸದ್ದು ಬಂತು. ಅಳುತ್ತಿದ್ದಾರೆಂದುಕೊಂಡೆ, ನೋಡಿದರೆ ನಗು. ಆಮೇಲೆ ಎರಡೂ.

“ಕಳ್ಳಿ...” ಎಂದರು. “ದೊಡ್ಡ ಕಳ್ಳಿ ಅವಳು.” ಲ್ಯಾಪ್‌ಟಾಪಿನ ಕಡೆ ಕೈ ಮಾಡಿ, “ಆ ಬರೆದೋನಿಗಿಂತ ನಾನೇ ವಾಸಿ ಬಿಡು” ಎಂದರು.

ಮುಂದಿನ ಸೀಸನ್ ಬರುವವರೆಗೆ ಮಾವ ಉಳಿಯಲಿಲ್ಲ. ಕಾಯಿಲೆ ಜೋರಾದಾಗಲೂ ಅವರಿಗೆ ಮೊದಲಿನ ಚಡಪಡಿಕೆ ಇರಲಿಲ್ಲವೆಂದು ಅವರ ತಂಗಿ ಹೇಳಿದರು. ಆ ಚಡಪಡಿಕೆಯೆಲ್ಲ ನನಗೆ ಅಂಟಿಕೊಂಡಿರಬೇಕು.

ಮೊನ್ನೆಯ ಶುಕ್ರವಾರವೇ ಐದನೇ ಸೀಸನ್ನಿನ ಮೊದಲ ಕಂತು ಬಂದಿದ್ದು. ಹರಿದ ಹಾಳೆ ಬುಟ್ಟಿಗೆ ಹಾಕಿ, ಹುಡುಗಿಯ ಕೆಲಸ ಮುಗಿಸಿ ಕಳಿಸಿ, ಕಂತು ಹಾಕಿಕೊಂಡು ಕೂತೆ. ದೋಣಿಯವಳಿಲ್ಲದ ಆ ಕಥೆಯನ್ನು ಐದು ನಿಮಿಷವೂ ನೋಡಲಾಗಲಿಲ್ಲ. ಎದ್ದೆ, ಕೂತೆ, ಧೂಳಿಲ್ಲದ ಕೌಂಟರನ್ನು ಒರೆಸಿದೆ. ಮಧ್ಯಾಹ್ನವಾಯಿತು. ಫೋನು ಪಕ್ಕದಲ್ಲೇ ಇತ್ತು. ಅದನ್ನು ಎತ್ತಿಕೊಂಡು ಯಾರೂ ಇಲ್ಲದ ಅಂಗಡಿಯಲ್ಲಿ ಜೋರಾಗಿ, ಎಡಗಿವಿಗೆ ಹೇಳುವಷ್ಟು ಜೋರಾಗಿ ಹೇಳಿದೆ:

“ಬಂದ್ಲು ಮಾವ.”