ನಡತೆ ಪುಸ್ತಕದ ಒಂದು ಸಾಲು

ನಮ್ಮ ಹೆಡ್‌ಮಿಸ್ಸಿನ ಬಲಗೈ ನಡುಬೆರಳಿನ ಗೆಣ್ಣಿನ ಮೇಲೆ ಸದಾ ಕೆಂಪು ಶಾಯಿಯ ಕಲೆ. ನಿಂಬೆಹಣ್ಣು ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಕೃಷ್ಣಮೂರ್ತಿಪುರಂನ ನಮ್ಮ ಶಾಲೆಯಲ್ಲಿ ಅವರದೊಂದು ನಡತೆ ಪುಸ್ತಕವಿತ್ತು. ಉಗುರಿಗೆ ಬಣ್ಣ ಹಚ್ಚಿದವಳು, ಪ್ರಾರ್ಥನೆಗೆ ತಡವಾದವಳು, ಎಲ್ಲರೂ ಅದರೊಳಗೆ ಬಂದು ಬೀಳುತ್ತಿದ್ದೆವು. ಬೈದು ಬರೆದಾದ ಮೇಲೆ ತಮ್ಮ ಡಬ್ಬಿಯ ಚಿತ್ರಾನ್ನದಲ್ಲಿ ಅರ್ಧ ಕೊಟ್ಟು, "ಬರೆದಿದ್ದು ಪುಸ್ತಕಕ್ಕೆ, ನಿಂಗಲ್ಲ ಕಣಮ್ಮ" ಎನ್ನುತ್ತಿದ್ದರು.

ತೊಂಬತ್ತರ ದಶಕದ ಕೊನೆಗೆ, ನನಗೆ ಇಪ್ಪತ್ತೊಂದಾಗಿದ್ದಾಗ, ಕೆಲಸಕ್ಕಿದ್ದ ಅಂಗಡಿಯ ಮಾಲೀಕ ನನ್ನ ಮೇಲೆ ಅತ್ಯಾಚಾರ ಮಾಡಿದ. ಕೇಸು ಕೋರ್ಟಿಗೆ ಬರುವ ಹೊತ್ತಿಗೆ ನೆಂಟರಿಷ್ಟರು ಯಾರೂ ಹತ್ತಿರ ಸುಳಿಯುತ್ತಿರಲಿಲ್ಲ. ಅವನ ವಕೀಲ ಕೆದಕಿದ್ದು ಅವನು ಮಾಡಿದ್ದನ್ನಲ್ಲ, ನಾನು ಎಂಥವಳು ಅನ್ನುವುದನ್ನು. ಆಗಿನ ಕಾನೂನು ಅದಕ್ಕೆ ದಾರಿ ಬಿಟ್ಟಿತ್ತು. ಸುದ್ದಿ ತಿಳಿದು ಹೆಡ್‌ಮಿಸ್ಸು ತಾವಾಗಿಯೇ ಬಂದರು. 'ನಡತೆ: ಉತ್ತಮ' ಎಂದು ತಾವು ಕೊಟ್ಟಿದ್ದ ಸರ್ಟಿಫಿಕೇಟಿಗೆ ಆಧಾರವಾಗಲಿ ಅಂತ ಆ ಪುಸ್ತಕವನ್ನೂ ಹಿಡಿದು ಕಟಕಟೆ ಹತ್ತಿದರು. ಹೊರಗಿನ ಬೆಂಚಿನಲ್ಲಿ ಕೂತಿದ್ದ ನಾನು, ಇನ್ನು ಬದುಕಿಕೊಂಡೆ ಅಂದುಕೊಂಡೆ.

ವಕೀಲ ಪುಸ್ತಕ ತಿರುವಿ, ಒಂಬತ್ತನೇ ಕ್ಲಾಸಿನ ನನ್ನ ಹೆಸರಿನ ಮುಂದಿದ್ದ ಸಾಲನ್ನು ಅವರಿಂದಲೇ ಓದಿಸಿದನಂತೆ: 'ಬಸ್‌ಸ್ಟಾಪಿನಲ್ಲಿ ಹುಡುಗರೊಂದಿಗೆ ಹರಟೆ. ಎಚ್ಚರಿಸಲಾಗಿದೆ.' ಆಗ ಅವಳಿಗೆ ಹದಿನಾಲ್ಕು ವರ್ಷ ಎಂದು ಇವರು ಹೇಳಹೋದರೆ, ಅಕ್ಷರ ನಿಮ್ಮದು ಹೌದೋ ಅಲ್ಲವೋ ಅಷ್ಟೇ ಹೇಳಿ ಅಂದನಂತೆ. ಸುಳ್ಳು ಇವರ ಬಾಯಲ್ಲಿ ಬರುವಂಥದ್ದಲ್ಲ. ಹೌದು ಅಂದರಂತೆ.

ಹೊರಗೆ ಬಂದು ಒಂದಕ್ಷರ ಮುಚ್ಚಿಡದೆ ಎಲ್ಲ ಹೇಳಿದರು. "ಕೈಯಾರೆ ಹಾಳ್ಮಾಡ್ಬುಟ್ಟೆ ಕಣಮ್ಮ ನಿನ್ನ." ನಾನು ಎದ್ದುಹೋದೆ. ಆಮೇಲೆ ಅವನು ಬಿಡುಗಡೆಯಾದ.

ಕೆಲವು ವರ್ಷಗಳ ಮೇಲೆ, ಹೆಣ್ಣಿನ ನಡತೆಯನ್ನು ಹಾಗೆ ಕೆದಕುವಂತಿಲ್ಲ ಎಂದು ಕಾನೂನು ಬದಲಾಯಿತು. ಹೆಡ್‌ಮಿಸ್ಸು ಪೇಪರಿನ ಆ ಸುದ್ದಿ ಕತ್ತರಿಸಿಕೊಂಡು, ಎರಡು ಬಸ್ಸು ಬದಲಾಯಿಸಿ, ದಟ್ಟಗಳ್ಳಿಯ ನನ್ನ ಬಾಡಿಗೆ ಮನೆಗೆ ಬಂದರು. ಬೆರಳಲ್ಲಿ ಕಲೆ ಇರಲಿಲ್ಲ. ಕೋರ್ಟಿನಿಂದ ಬಂದ ದಿನದಿಂದ ಆ ಪುಸ್ತಕದಲ್ಲಿ ಒಂದು ಸಾಲೂ ಬರೆದಿರಲಿಲ್ಲವಂತೆ. "ನಿನ್ನ ಕೇಸಿನ ಹೊತ್ಗೆ ಈ ಕಾನೂನು ಬರ್ಲಿಲ್ಲ ನೋಡು," ಅಂದರು. ಸಿಟ್ಟು ಇನ್ನೂ ಇಳಿದಿರಲಿಲ್ಲ ನನಗೆ. ಬಾಗಿಲಲ್ಲೇ ಆ ಪೇಪರಿನ ತುಂಡು ಈಸಿಕೊಂಡೆ. ಒಳಗೆ ಬನ್ನಿ ಎನ್ನಲಿಲ್ಲ.

ಆ ವರ್ಷವೇ ತೀರಿಕೊಂಡರು. ಇಡೀ ಮೈಸೂರಿನಲ್ಲಿ ನನಗಾಗಿ ಕಟಕಟೆ ಹತ್ತಿದ್ದು ಅವರೊಬ್ಬರೇ. 'ಬರೆದಿದ್ದು ಪುಸ್ತಕಕ್ಕೆ, ನಂಗಲ್ಲ ಮಿಸ್' ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಹೇಳಲಿಲ್ಲ.