ಒಂಬತ್ತನೆಯವಳು

ನನ್ನ ಸೋದರತ್ತೆ ಒಂದು ರಾಜಕೀಯ ಪಕ್ಷದ ಕಾರ್ಯದರ್ಶಿಯಾಗಿದ್ದರು. ಹಾಗೆಂದ ಕೂಡಲೇ ಜನ ಕಾರು, ಹಾರ, ಹಿಂದೆ ಮುಂದೆ ಓಡಾಡುವವರು ಎಂದೆಲ್ಲ ಊಹಿಸಿಕೊಳ್ಳುತ್ತಾರೆ. ಅತ್ತೆಗೆ ಇದ್ದದ್ದು ಮಹಡಿಯ ಮೇಲೊಂದು ಕೋಣೆ, ಹತ್ತು ಮರದ ಕುರ್ಚಿ, ಬಾಗಿಲು ಸರಿಯಾಗಿ ಮುಚ್ಚದ ಒಂದು ಕಬ್ಬಿಣದ ಬೀರು. ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದ ನನ್ನ ಮಾವ, ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ಲಾರಿಯೊಂದು ತಮ್ಮ ಚಪ್ಪಲಿಯ ಮೇಲೆ ಹಾದುಹೋದ ದಿನ, ಸಿಟ್ಟಿನ ಭರದಲ್ಲಿ ಪಾದಚಾರಿಗಳ ಪಕ್ಷ ಕಟ್ಟಿ ತಾವೇ ಅಧ್ಯಕ್ಷರಾದರು. ನಿಂತ ಮೂರು ಚುನಾವಣೆಗಳಲ್ಲಿ ಬಂದ ಅತಿ ಹೆಚ್ಚು ಮತ ಇನ್ನೂರ ಹದಿನಾಲ್ಕು. "ನಮ್ಮ ಭಾವನ ಮೆರವಣಿಗೆ ಪೂರ್ತಿ ಒಂದೇ ಛತ್ರಿ ಕೆಳಗೆ ಹೋಗುತ್ತೆ" ಎಂದು ನಮ್ಮಪ್ಪ ರೇಗಿಸುತ್ತಿದ್ದರು. ಮಾವ ನಗುತ್ತಿದ್ದರು, ಅತ್ತೆ ನಗುತ್ತಿರಲಿಲ್ಲ.

ಗೆಲ್ಲುವುದು ಹಾಗಿರಲಿ, ಇಂಥ ಪಕ್ಷ ಬದುಕಿರುವುದೇ ದೊಡ್ಡ ಕೆಲಸ. ಚುನಾವಣಾ ಕಚೇರಿಯ ಪಟ್ಟಿಯಲ್ಲಿ ಹೆಸರು ಉಳಿಯಬೇಕೆಂದರೆ ನೋಂದಾಯಿಸಿದ ವಿಳಾಸದಲ್ಲಿ ವರ್ಷಕ್ಕೊಂದು ಸಭೆ ನಡೆಯಬೇಕು, ಕಡಿಮೆಯೆಂದರೂ ಒಂಬತ್ತು ಸದಸ್ಯರು ಹಾಜರಿರಬೇಕು, ಹಾಜರಿ ಪುಸ್ತಕದ ನಕಲು ಕಚೇರಿಗೆ ಹೋಗಬೇಕು. ಮೂವತ್ತೊಂದು ವರ್ಷ ಅತ್ತೆ ಅದನ್ನು ಒಂದು ದಿನವೂ ತಡಮಾಡದೆ ಕಳುಹಿಸಿದರು. ಮಾವ ತೀರಿಕೊಂಡ ವರ್ಷವೂ ಕಳುಹಿಸಿದರು.

ಮಾವನ ಹಿಂದೆ ಸದಸ್ಯರಲ್ಲೊಬ್ಬರಾದ ಕಂಪೌಂಡರ್ ಹೋದರು. ಆಮೇಲೆ ಬೀಗ ರಿಪೇರಿಯವರು, ಡ್ರಾಯಿಂಗ್ ಮೇಷ್ಟ್ರು, ಒಬ್ಬೊಬ್ಬರಾಗಿ ಮಾವನೂ ಸೇರಿ ಏಳು ಮಂದಿ. ಹಾಜರಿ ಮಾತ್ರ ತಪ್ಪದೆ ಹೋಗುತ್ತಲೇ ಇತ್ತು. ಒಮ್ಮೆ ನಾನೇ ತಡೆಯಲಾರದೆ ಕೇಳಿದೆ.

"ಅತ್ತೆ, ಸತ್ತವರ ಹೆಸರಿಗೆ ಹಾಜರಿ ಹಾಕ್ತಿದೀರಲ್ಲ, ಗೊತ್ತಾದ್ರೆ ಜೈಲೇ ಗತಿ."

"ಯಾರೂ ರಾಜೀನಾಮೆ ಕೊಟ್ಟಿಲ್ಲ ಕಣೇ. ಬರೆದು ಕೊಡೋವರೆಗೂ ಸದಸ್ಯರೇ ಅಂತ ನಿಮ್ಮ ಮಾವನೇ ನಿಯಮ ಮಾಡಿಟ್ಟಿದ್ದಾರೆ. ನಾನು ಒಬ್ಬೊಬ್ಬರನ್ನೇ ಕೂಗ್ತೀನಿ. ಓ ಅಂದವರಿಗೆ ಹಾಜರಿ, ಅನ್ನದವರಿಗೆ ಇಲ್ಲ. ನಾನ್ಯಾಕೆ ಸುಳ್ಳು ಬರೀಲಿ?"

ವಯಸ್ಸಾಯಿತು, ತಲೆ ಸ್ವಲ್ಪ ಅತ್ತಿತ್ತ ಆಗಿದೆ ಎಂದುಕೊಂಡು ಸುಮ್ಮನಾದೆ. ನನಗೋ ಕನ್ನಡಕದ ಅಂಗಡಿ, ಮನೆ, ಮಕ್ಕಳು, ಉಸಿರಾಡಲು ಪುರುಸೊತ್ತಿಲ್ಲ. ನಾನೂ ಒಬ್ಬ ಸದಸ್ಯಳೇ. ಹದಿನೆಂಟು ತುಂಬಿದ ದಿನವೇ ಮಾವ ನನ್ನಿಂದ ಅರ್ಜಿಗೆ ಸಹಿ ಹಾಕಿಸಿಕೊಂಡಿದ್ದರು. ಒಂದು ಸಭೆಗೂ ಹೋದವಳಲ್ಲ. ನಾನಿಲ್ಲದೆಯೂ ಒಂಬತ್ತು ಮಂದಿ ಆಗುತ್ತಿದ್ದರು.

ಹೋದ ವರ್ಷ, ಅತ್ತೆಯ ಜೊತೆ ಬದುಕುಳಿದಿದ್ದ ಸದಸ್ಯರಾದ ಟೈಲರ್, ತಮ್ಮ ಮಗಳ ಊರಿಗೆ ಹೋಗುತ್ತೇನೆಂದು ರಾಜೀನಾಮೆ ಬರೆದುಕೊಟ್ಟರು. ಸತ್ತವರೆಲ್ಲ ಜೊತೆಗೆ ನಿಂತರು, ಕೈಕೊಟ್ಟವರು ಬದುಕಿದ್ದವರು. ಉಳಿದವರು ಎಂಟೇ. ಹೊಸಬರನ್ನು ಸೇರಿಸೋಣವೆಂದರೆ ಈಗ ಎಲ್ಲರ ಮನೆಯಲ್ಲೂ ಸ್ಕೂಟರ್ ಇದೆ, ಪಾದಚಾರಿಗಳ ಪಕ್ಷ ಯಾರಿಗೆ ಬೇಕು? ಅದೇ ಹೊತ್ತಿಗೆ ಕಚೇರಿಯಿಂದ ಕಾಗದ ಬಂತು: ಈ ಬಾರಿ ಅಧಿಕಾರಿಯೊಬ್ಬರು ಸಭೆಗೆ ಬಂದು ಖುದ್ದಾಗಿ ತಲೆ ಎಣಿಸುತ್ತಾರೆ. ಅತ್ತೆ ನನಗೆ ಫೋನ್ ಮಾಡಿದರು.

"ನೀನೊಬ್ಬಳು ಬಂದ್ರೆ ಒಂಬತ್ತಾಗುತ್ತೆ ಮಗಳೇ. ಬಂದು ಕೂತ್ಕೊ ಸಾಕು."

"ಹೋದ್ರೆ ಹೋಗ್ಲಿ ಬಿಡಿ ಅತ್ತೆ, ಒಂದು ಹೆಸರು ತಾನೇ?"

"ಹೆಸರು ಹೋದ್ರೆ ಸಭೆ ಇಲ್ಲ. ಸಭೆ ಇಲ್ಲ ಅಂದ್ರೆ ಅವರು ಯಾಕೆ ಬರ್ತಾರೆ ಹೇಳು?"

ನಾನು ಹೋದದ್ದು ಕೂರುವುದಕ್ಕಲ್ಲ. ಆ ಅಧಿಕಾರಿಗೆ ಕೈಮುಗಿದು, ವಯಸ್ಸಾದ ಹೆಂಗಸು, ದೊಡ್ಡದು ಮಾಡಬೇಡಿ ಎಂದು ಕೇಳಿಕೊಳ್ಳುವುದಕ್ಕೆ. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಮಹಡಿ ಹತ್ತಿದಾಗ ಆತ ಆಗಲೇ ಬಂದು ಕೂತಿದ್ದರು. ನೆಗಡಿಯಾಗಿ ಮೂಗು ಕೆಂಪಗಾಗಿದ್ದ ಸಣಕಲು ಮನುಷ್ಯ. ಎದುರಿಗೆ ಸಾಲಾಗಿ ಒಂಬತ್ತು ಕುರ್ಚಿ. ಒಂದರಲ್ಲಿ ಅತ್ತೆ, ಹೊಸದಾಗಿ ಇಸ್ತ್ರಿ ಮಾಡಿದ ಸೀರೆಯಲ್ಲಿ. ಉಳಿದ ಎಂಟೂ ಖಾಲಿ. ಕೋಣೆಯಲ್ಲಿ ಅಚ್ಚಿನ ಮಸಿಯ ವಾಸನೆ ಇತ್ತು. ನಾನು ಬಾಗಿಲಲ್ಲೇ ನಿಂತೆ.

"ಅಧ್ಯಕ್ಷರು" ಎಂದು ಅತ್ತೆ ಕೂಗಿದರು.

ನನಗೇನೂ ಕೇಳಿಸಲಿಲ್ಲ. ಅಧಿಕಾರಿ ತಲೆಯಾಡಿಸಿ ಹಾಳೆಯಲ್ಲಿ ಗುರುತು ಹಾಕಿಕೊಂಡರು.

"ಕಂಪೌಂಡರ್." ಮತ್ತೊಂದು ಗುರುತು. "ಬೀಗ ರಿಪೇರಿಯವರು."

"ಸ್ವಲ್ಪ ಜೋರಾಗಿ ಹೇಳಿ" ಎಂದರು ಅಧಿಕಾರಿ, ಮೂರನೆಯ ಕುರ್ಚಿಯ ಕಡೆ ನೋಡಿ. ಆಮೇಲೆ "ಹಾಂ, ಸರಿ" ಎಂದು ಬರೆದುಕೊಂಡರು. ಈ ಮನುಷ್ಯ ಮುದುಕಿಯನ್ನು ಆಡಿಸುತ್ತಿದ್ದಾನೆ ಎಂದು ನನಗೆ ಮೈಯೆಲ್ಲ ಉರಿಯಿತು. ಬಾಯಿ ತೆರೆಯುವಷ್ಟರಲ್ಲಿ ಆತ ಎರಡು ಸಲ ಸೀನಿದರು.

"ಮೂಲೇಲಿ ಕೂತಿರೋರು, ನೀವೇ, ಆ ಕಿಟಕಿ ಒಂಚೂರು ಹಾಕ್ತೀರಾ? ಗಾಳಿ ತಡೆಯೋಕಾಗ್ತಿಲ್ಲ."

ಮೂಲೆಯ ಕುರ್ಚಿ ಕಿರುಗುಟ್ಟಿತು. ಕಿಟಕಿಯ ಬಾಗಿಲು ನಿಧಾನವಾಗಿ ಬಂದು ಸೇರಿಕೊಂಡಿತು. ಚಿಲಕ ತಾನಾಗಿ ಮೇಲೆದ್ದು ಕೊಂಡಿಗೆ ಬಿತ್ತು. ಕುರ್ಚಿ ಮತ್ತೆ ಕಿರುಗುಟ್ಟಿತು. "ಥ್ಯಾಂಕ್ಸ್" ಎಂದರು ಅಧಿಕಾರಿ, ಮೂಗು ಒರೆಸಿಕೊಳ್ಳುತ್ತ.

ಅತ್ತೆ ಕೂಗುತ್ತ ಹೋದರು, ಗುರುತುಗಳು ಬೀಳುತ್ತ ಹೋದವು. ತಮ್ಮ ಸರದಿ ಬಂದಾಗ "ಕಾರ್ಯದರ್ಶಿ" ಎಂದು ಕೂಗಿ ತಾವೇ "ಓ" ಎಂದರು.

"ಎಂಟಾಯ್ತು" ಎಂದರು ಅಧಿಕಾರಿ. "ಇನ್ನೊಬ್ಬರು?"

"ಕನ್ನಡಕದವಳು" ಎಂದು ಅತ್ತೆ ಕೂಗಿದರು.

ನಿಜಕ್ಕೂ ಖಾಲಿ ಇದ್ದ ಕುರ್ಚಿ ಯಾವುದೆಂದು ನನಗೆ ಆಗ ತಿಳಿಯಿತು. ಅಧ್ಯಕ್ಷರ ಪಕ್ಕದ್ದು. ಅತ್ತೆ ನನ್ನನ್ನೇ ನೋಡುತ್ತಿದ್ದರು. ಆ ಇಡೀ ಸಾಲು ಕುತ್ತಿಗೆ ತಿರುಗಿಸಿ ನನ್ನನ್ನು ನೋಡುತ್ತಿದೆ ಎಂದು ನನ್ನ ಮೈಗೆ ಗೊತ್ತಾಗುತ್ತಿತ್ತು. ಮಾವ ನನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದವರು. ಅವರಿಗೆ ನಾನು ಹೆದರಬೇಕಾಗಿರಲಿಲ್ಲ. ಆದರೂ ಹೆದರಿದೆ. ಓ ಎಂದುಬಿಟ್ಟರೆ ಈ ಸಾಲಿನಲ್ಲಿ ನಾನೂ ಒಬ್ಬಳಾಗುತ್ತೇನೆ ಎನ್ನುವುದಷ್ಟೇ ತಲೆಯಲ್ಲಿತ್ತು.

"ನೀವು ಸದಸ್ಯರೇನಮ್ಮಾ?" ಎಂದು ಅಧಿಕಾರಿ ಕೇಳಿದರು. "ಹೂಂ ಅಂದ್ರೂ ಸಾಕು."

"ಅಲ್ಲ" ಎಂದೆ. "ನಾನು ಸುಮ್ಮನೆ ಬಂದೆ."

ಅತ್ತೆ ನನ್ನ ಮಾತನ್ನು ತಿದ್ದಲಿಲ್ಲ. ಅರ್ಜಿಯನ್ನು ಬೀರುವಿನಿಂದ ತೆಗೆದು ತೋರಿಸಬಹುದಿತ್ತು, ತೋರಿಸಲಿಲ್ಲ. ಓ ಅನ್ನದವಳಿಗೆ ಅವರು ಹಾಜರಿ ಹಾಕುವುದಿಲ್ಲ.

"ಒಬ್ಬರು ಕಮ್ಮಿ" ಎಂದು ಅಧಿಕಾರಿ ಕಡತ ಮುಚ್ಚಿದರು. "ಬೇಜಾರು ಮಾಡ್ಕೋಬೇಡಿ ಅಮ್ಮಾ. ಪಟ್ಟಿಯಿಂದ ಹೆಸರು ತೆಗೀಬೇಕಾಗುತ್ತೆ. ಇವತ್ತಿಗೆ ಪಕ್ಷ ಮುಗೀತು ಅಂತ್ಲೇ ಲೆಕ್ಕ." ಖಾಲಿ ಕುರ್ಚಿಗಳಿಗೂ ಸಾಲಾಗಿ ಕೈಮುಗಿದು ಮೆಟ್ಟಿಲಿಳಿದು ಹೋದರು.

ಆಮೇಲೆ ಕುರ್ಚಿಗಳು ಒಂದೊಂದಾಗಿ ಹಿಂದೆ ಸರಿದವು. ಮರದ ಮೆಟ್ಟಿಲ ಮೇಲೆ ಹೆಜ್ಜೆಗಳು ಇಳಿಯತೊಡಗಿದವು. ಅವಸರವಿಲ್ಲ, ಕೋಪವಿಲ್ಲ, ಸಭೆ ಮುಗಿಸಿ ಮನೆಗೆ ಹೊರಟವರ ನಡಿಗೆ. ನಾನು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟೆ. ಆರು ಜನರ ಹೆಜ್ಜೆ ಎಣಿಸಿದೆ. ಏಳನೆಯದು, ಕೊನೆಯದು, ಮಸಿಯ ವಾಸನೆಯೊಡನೆ ನನ್ನ ಪಕ್ಕದಲ್ಲೇ ಹಾದು ಇಳಿಯಿತು.

"ರೀ" ಎಂದು ಅತ್ತೆ ಕರೆದರು. "ರೀ, ನೀವಾದ್ರೂ ನಿಲ್ರೀ."

ಹೆಜ್ಜೆ ನಿಲ್ಲಲಿಲ್ಲ. ಕೆಳಗೆ ಬೀದಿ ಬಾಗಿಲು ತೆರೆದು ಮುಚ್ಚಿಕೊಂಡ ಸದ್ದಾಯಿತು. ನಾನು ಓಡಿಹೋಗಿ ಅತ್ತೆಯ ಕೈ ಹಿಡಿದು "ಓ ಅಂತೀನಿ ಅತ್ತೆ, ಈಗ ಕೂಗಿ, ಅಂತೀನಿ" ಎಂದೆ. ನನ್ನ ಮೇಲೆ ನನಗೇ ಅಸಹ್ಯವಾಗಿತ್ತು. ಅವರು ನನ್ನ ಕಡೆ ನೋಡಲಿಲ್ಲ. ಮಾವ ತೀರಿಕೊಂಡು ಹನ್ನೆರಡು ವರ್ಷಗಳಾಗಿದ್ದವು. ಅತ್ತೆ ಅತ್ತಿದ್ದನ್ನು ನಾನು ಮೊದಲ ಸಲ ನೋಡಿದ್ದು ಆವತ್ತು.