ಆರು ರಿಬ್ಬನ್ನಿನ ಲಂಗ

ಕಿಶ್‌ಸಿಲ್ವಾಶ್‌ನಲ್ಲಿ ಯಾರ ಮನೆಯ ಪೆಟ್ಟಿಗೆಯಲ್ಲಿ ಹಳೇ ಫೋಟೋ ಸಿಕ್ಕಿದರೂ ಅದನ್ನು ಮೊದಲು ಎತೆಲ್ಕಾಳ ಮುಂದೆ ಹಿಡಿಯಬೇಕು. ಉತ್ತರ ಹಂಗೇರಿಯ ಆ ಗುಡ್ಡಗಳಲ್ಲಿ ಹಾಗಂತ ಕಾನೂನೇನೂ ಇರಲಿಲ್ಲ. ಆದರೆ ಕಾನೂನು ಮೀರಿದವರು ಊರಲ್ಲಿ ಇದ್ದರು, ಎತೆಲ್ಕಾಳನ್ನು ಮೀರಿದವರು ಇರಲಿಲ್ಲ. ನಲವತ್ತು ವರ್ಷ ಊರಿನ ಹೆಂಗಸರಿಗೆಲ್ಲ ಬಟ್ಟೆ ಹೊಲಿದವಳು. ತೋಳಿನ ಉಬ್ಬು, ಕಾಲರಿನ ಎತ್ತರ, ಲಂಗದ ನೆರಿಗೆ ನೋಡಿ ಇದು ಇಂಥ ವರ್ಷದ ಫೋಟೋ ಅಂತ ಹೇಳಿಬಿಡುತ್ತಿದ್ದಳು. ಯಾರಾದರೂ ಇದು ನಮ್ಮಜ್ಜಿ, ಪಕ್ಕದವನು ನಮ್ಮಜ್ಜ ಅಂತ ಶುರುಮಾಡಿದರೆ, "ಮುಖ ಕಟ್ಕೊಂಡು ನನಗೇನಾಗ್ಬೇಕು, ತೋಳು ತೋರ್ಸು" ಅನ್ನುತ್ತಿದ್ದಳು.

ಕೆಲಸ ಅಷ್ಟು ಕಷ್ಟದ್ದೂ ಅಲ್ಲ. ಆ ಊರಿನ ಹೆಂಗಸರು ತಮ್ಮ ಜಾತಕವನ್ನೇ ಮೈಮೇಲೆ ಉಟ್ಟು ಓಡಾಡುತ್ತಿದ್ದವರು. ಮದುವೆಯ ವಯಸ್ಸಿಗೆ ಬಂದ ಹುಡುಗಿಗೆ, ಹೊಸ ಮದುವಣಗಿತ್ತಿಗೆ ಕೆಂಪು. ಮೂವತ್ತು ದಾಟಿದರೆ ನೀಲಿ. ಸಾವಾದ ಮನೆಯಲ್ಲಿ ಒಂದು ವರ್ಷ ಅಡಿಯಿಂದ ಮುಡಿಯವರೆಗೆ ಕಪ್ಪು. ಹೀಗಾಗಿ ಎತೆಲ್ಕಾ ಬರೀ ವರ್ಷ ಹೇಳಿ ನಿಲ್ಲಿಸುತ್ತಿರಲಿಲ್ಲ, ಆ ವರ್ಷ ಆ ಮನೆಯಲ್ಲಿ ಏನೇನು ನಡೆಯಿತು ಅನ್ನುವುದನ್ನೂ ಸೇರಿಸಿಯೇ ಕೊಡುತ್ತಿದ್ದಳು. ಒಮ್ಮೆ ಬಡಗಿ ಚೊರ್ಬಾನ ಮನೆಯವರು ನಾಲ್ವರು ಅಕ್ಕತಂಗಿಯರು ಕಪ್ಪುಟ್ಟು ನಿಂತ ಫೋಟೋ ತಂದರು. ಸಾವಿರದ ಒಂಬೈನೂರ ಹನ್ನೊಂದು, ಮನೆಯ ಗಂಡಸೊಬ್ಬ ತೀರಿಕೊಂಡಿದ್ದಾನೆ ಅಂದಳು. ಯಾರು ಅಂತ ಅವರಿಗೆ ಗೊತ್ತಿರಲಿಲ್ಲ. ಎತೆಲ್ಕಾ ಹೇಳಿದ ಮೇಲೆ ಸತ್ತಿರಲೇಬೇಕಲ್ಲ! ಅಂದಿನಿಂದ ಪ್ರತಿ ನವೆಂಬರಿನಲ್ಲಿ ಸತ್ತವರ ದಿನಕ್ಕೆ ಸ್ಮಶಾನಕ್ಕೆ ಹೋದಾಗ ಆ ಹೆಸರಿಲ್ಲದ ಹಿರಿಯನಿಗೂ ಒಂದು ಮೇಣದಬತ್ತಿ ಹೆಚ್ಚಿಗೆ ಹಚ್ಚತೊಡಗಿದರು.

ಊರಿನ ಎಲ್ಲ ಫೋಟೋಗಳಿಗೂ ನಗುನಗುತ್ತಾ ವರ್ಷ ಹೇಳುತ್ತಿದ್ದ ಎತೆಲ್ಕಾ ಒಂದೇ ಒಂದು ಫೋಟೋ ಬಂದರೆ ಮಾತ್ರ ಮುಖ ಗಂಟಿಕ್ಕುತ್ತಿದ್ದಳು. ಅದು ಅವಳ ಸ್ವಂತ ತಾಯಿಯದು.

ಅಪ್ಪ ಸತ್ತದ್ದು ಸಾವಿರದ ಒಂಬೈನೂರ ಇಪ್ಪತ್ತೇಳರ ಡಿಸೆಂಬರಿನಲ್ಲಿ, ಕಾಡಿನಲ್ಲಿ ಮರ ಬಿದ್ದು. ಆಗ ಎತೆಲ್ಕಾಳಿಗೆ ಏಳು ವರ್ಷ. ಅಪ್ಪನ ತಾಯಿ ಬಂದು ಅವಳನ್ನು ತನ್ನ ಮನೆಗೆ ಕರೆದೊಯ್ದಳು. ಅಮ್ಮ ಮೂವತ್ತರ ಅಕ್ಟೋಬರಿನಲ್ಲಿ ಆಂಡ್ರಾಶ್ ಎಂಬ ಗಾಡಿ ಮಾಡುವವನನ್ನು ಮದುವೆಯಾದಳು. ಆ ಮದುವೆಗೆ ಅಜ್ಜಿ ಮೊಮ್ಮಗಳನ್ನು ಕಳಿಸಲಿಲ್ಲ. ಮದುವೆ ಈಗಾದರೇನು, ಅವನ ಸಹವಾಸಕ್ಕೆ ನಿಮ್ಮಮ್ಮ ನಿಮ್ಮಪ್ಪ ಸತ್ತು ಒಂದು ವರ್ಷ ತುಂಬುವವರೆಗೂ ತಾಳಲಿಲ್ಲ ಕಣೇ ಅಂತ ಅಜ್ಜಿ ಹಾಲು ಕುಡಿಸುವಾಗಲೂ ಹೇಳುತ್ತಿದ್ದಳು, ಜಡೆ ಹಾಕುವಾಗಲೂ ಹೇಳುತ್ತಿದ್ದಳು. ಬೆಳೆದು, ಕಸುಬು ಕಲಿತು, ಭೂತಗನ್ನಡಿ ಹಿಡಿದ ಮೇಲೆ ಎತೆಲ್ಕಾಳಿಗೆ ಅದಕ್ಕೆ ಸಾಕ್ಷಿಯೂ ಸಿಕ್ಕಿತು. ಯಾರೋ ಊರೂರು ತಿರುಗುವ ಫೋಟೋದವನು ಅಮ್ಮನ ಮನೆಯ ಜಗುಲಿಯ ಮುಂದೆ ತೆಗೆದ ಆ ಫೋಟೋ. ಅಮ್ಮ ತಲೆವಸ್ತ್ರದಿಂದ ಲಂಗದ ಅಂಚಿನವರೆಗೆ ಕಪ್ಪುಟ್ಟು ನಿಂತಿದ್ದಾಳೆ, ಹೆಗಲ ಮೇಲೆ ಆಂಡ್ರಾಶ್‌ನ ಕೈ! ಕಪ್ಪು ಅಂದರೆ ಶೋಕದ ವರ್ಷ, ಅಂದರೆ ಇಪ್ಪತ್ತೆಂಟು. ಅದೂ ಸಾಲದೆಂಬಂತೆ ಲಂಗದ ಅಂಚಿಗೆ ಆರು ಸಾಲು ಬಿಳೀ ರಿಬ್ಬನ್. ಗಂಡ ಸತ್ತವಳು ರಿಬ್ಬನ್ ಬಿಚ್ಚುವಷ್ಟು ಮರ್ಯಾದೆಯನ್ನೂ ಉಳಿಸಿಕೊಳ್ಳಲಿಲ್ಲವಲ್ಲ ಅಂತ ಎತೆಲ್ಕಾಳ ಹೊಟ್ಟೆ ಉರಿಯುತ್ತಿತ್ತು.

ಅಮ್ಮನ ಮನೆಗೆ ಹಬ್ಬಕ್ಕೆ ಹೋಗುತ್ತಿದ್ದಳು, ಗಸಗಸೆ ಹಾಕಿದ ಶಾವಿಗೆ ತಿಂದು ಬರುತ್ತಿದ್ದಳು. ಅಷ್ಟೇ. ಆಂಡ್ರಾಶ್‌ನನ್ನು ಅವನು ಸಾಯುವವರೆಗೂ ಅಪ್ಪ ಅನ್ನಲಿಲ್ಲ. ಎರಡನೇ ಮದುವೆಯಲ್ಲಿ ಹುಟ್ಟಿದ ತಂಗಿ ತೆರೇಜ್ ಒಮ್ಮೆ ಕಾರಣ ಕೇಳಿದಾಗ ಅಮ್ಮನ ಪೆಟ್ಟಿಗೆಯಿಂದ ಆ ಫೋಟೋ ತೆಗೆದು ತೋರಿಸಿದಳು. ತೆರೇಜ್ ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಬೇಯಿಸುವವಳು, ಬಟ್ಟೆಯ ವಿಷಯ ಅವಳಿಗೇನು ಗೊತ್ತು? ನಮ್ಮಮ್ಮ ಅಂಥವಳಲ್ಲ ಅಂದಳು. ಬಟ್ಟೆ ಸುಳ್ಳು ಹೇಳೋದಿಲ್ಲ ಅಂದಳು ಅಕ್ಕ. ಆಮೇಲೆ ಇಬ್ಬರ ನಡುವೆ ನಮಸ್ಕಾರಕ್ಕಿಂತ ಉದ್ದದ ಮಾತು ನಡೆದದ್ದು ಕಡಿಮೆ.

ಅರವತ್ತೊಂದರಲ್ಲಿ ಅಮ್ಮ ತೀರಿಕೊಂಡಳು. ಆ ಊರಲ್ಲಿ ಪ್ರತಿ ಹೆಂಗಸೂ ತನ್ನ ಕೊನೆಯ ಉಡುಪನ್ನು ತಾನೇ ಗಂಟು ಕಟ್ಟಿಡುತ್ತಾಳೆ. ಹೆಣಕ್ಕೆ ಉಡಿಸುವುದು ಹಿರಿಮಗಳ ಕೆಲಸ. ಎತೆಲ್ಕಾ ಗಂಟು ಬಿಚ್ಚಿದಳು. ಒಳಗೆ ಕೆಂಪು ಲಂಗ, ಕೆಂಪು ಏಪ್ರನ್, ಕೆಂಪು ತಲೆವಸ್ತ್ರ. ಅರವತ್ತೈದರ ಮುದುಕಿಗೆ ಮದುವಣಗಿತ್ತಿಯ ಬಣ್ಣ! ಅರಳುಮರಳು ಅಂದುಕೊಂಡಳು. ಊರವರು ಆಡಿಕೊಳ್ಳುವುದು ಬೇಡ ಅಂತ ತನ್ನದೇ ಹೊಸ ಕಪ್ಪು ಲಂಗ ತಂದು, ಸೊಂಟ ಸರಿಮಾಡಿ, ನೀಟಾಗಿ ಉಡಿಸಿ ಕಳಿಸಿದಳು. ಎಷ್ಟು ಗೌರವವಾಗಿ ಕಳಿಸಿದಳಪ್ಪಾ ಅಂತ ಊರೆಲ್ಲ ಹೊಗಳಿತು. ಕೆಂಪು ಲಂಗ ಒಳ್ಳೇ ಉಣ್ಣೆಯದು, ಎಸೆಯಲು ಮನಸ್ಸು ಬರಲಿಲ್ಲ, ತನ್ನ ಪೆಟ್ಟಿಗೆಯ ತಳಕ್ಕೆ ಹಾಕಿಟ್ಟಳು.

ಎಂಬತ್ತಮೂರರಲ್ಲಿ ಊರಿಗೊಂದು ಹಳೇ ವಸ್ತುಗಳ ಕೋಣೆ ಆಗಬೇಕು ಅಂತ ತೀರ್ಮಾನವಾಯಿತು. ನಿವೃತ್ತ ಮೇಷ್ಟ್ರು ಬೊದ್ನಾರ್ ಮನೆಮನೆ ತಿರುಗಿ ಫೋಟೋ ಕೂಡಿಸಿದರು. ಚೀಟಿ ಬರೆಯುವ ಕೆಲಸ ಎತೆಲ್ಕಾಳದೇ, ಮತ್ತೆ ಯಾರದು? ಕೆಂಪು ಲಂಗವನ್ನೂ ಅವಳೇ ತಂದು ಮರದ ಗೊಂಬೆಗೆ ಉಡಿಸಿ, 'ಇಪ್ಪತ್ತು ವರ್ಷದೊಳಗಿನ ಮದುವಣಗಿತ್ತಿಯ ಲಂಗ, ಸುಮಾರು ೧೯೧೫' ಅಂತ ಚೀಟಿ ಚುಚ್ಚಿದಳು. ಅಮ್ಮ ಅದನ್ನು ಮೊದಲ ಮದುವೆಗೆ ಹೊಲಿಸಿರಬೇಕು ಅನ್ನುವುದು ಅವಳ ಲೆಕ್ಕ. ಲೆಕ್ಕದಲ್ಲಿ ತಪ್ಪಿರಲಿಲ್ಲ ಅನ್ನಿ.

ಉದ್ಘಾಟನೆಗೆ ಎರಡು ದಿನ ಇರುವಾಗ ತೆರೇಜ್ ಬಂದಳು. ಕೈಯಲ್ಲಿ ಅಮ್ಮನ ಫೋಟೋ, ಹೊಸ ಚೌಕಟ್ಟು ಹಾಕಿಸಿದ್ದು. ಊರಿನ ಎಲ್ಲರ ಅಮ್ಮಂದಿರೂ ಗೋಡೆಯ ಮೇಲಿರುವಾಗ ನಮ್ಮಮ್ಮ ಮಾತ್ರ ಯಾಕೆ ಪೆಟ್ಟಿಗೆಯಲ್ಲಿರಬೇಕು ಅಂತ ಕೇಳಿದಳು. ಮೇಷ್ಟ್ರು ಆಗಲೇ ಮೊಳೆ ಹುಡುಕುತ್ತಿದ್ದರು. ಹಾಕೋದಾದ್ರೆ ಹಾಕಿ, ಆದರೆ ಚೀಟಿಯಲ್ಲಿ ಇಪ್ಪತ್ತೆಂಟು ಅಂತಲೇ ಬರೆಯೋದು ಅಂದಳು ಎತೆಲ್ಕಾ. ಇಪ್ಪತ್ತೆಂಟು ಅಂತ ಬರೆದರೆ ಓದಿದವರೆಲ್ಲ ಬೆರಳು ಮಡಚಿ ತಿಂಗಳು ಎಣಿಸುತ್ತಾರೆ. ಆ ಊರಲ್ಲಿ ಯಾರು ಯಾವಾಗ ಸತ್ತರು ಅನ್ನುವುದು ಎಲ್ಲರಿಗೂ ಬಾಯಿಪಾಠ. ಅಮ್ಮನ ಮಾನ ಒಂದು ಚೀಟಿಯ ತುದಿಯಲ್ಲಿ ನೇತಾಡುತ್ತಿತ್ತು. ತೆರೇಜ್‌ಳ ಕಣ್ಣು ತುಂಬಿತು. ಅವಳು ಫೋಟೋವನ್ನೇ ನೋಡುತ್ತಾ ನಿಂತಳು. ಅಡುಗೆಯವಳ ಕಣ್ಣು ಬೇರೆಲ್ಲಿಗೆ ಹೋಗುತ್ತದೆ?

"ಅಕ್ಕಾ, ಹಿಂದೆ ಜಗುಲಿ ಸೂರಿಗೆ ನೇತುಹಾಕಿರೋದು ಏನು?"

"ಮೆಣಸಿನಕಾಯಿ ಸರ. ಕಾಣಲ್ವಾ?"

"ಕಾಣ್ತಿದೆ. ಯಾಕಿಷ್ಟು ಕಪ್ಪಗಿದೆ?"

ಎತೆಲ್ಕಾ ಬಗ್ಗಿ ನೋಡಿದಳು. ಮೂವತ್ತು ವರ್ಷದಿಂದ ಆ ಫೋಟೋದ ಒಂದೊಂದು ನೆರಿಗೆಯನ್ನೂ ಎಣಿಸಿದ್ದಳು, ಗೋಡೆಯ ಕಡೆ ಒಮ್ಮೆಯೂ ಕಣ್ಣು ಹಾಯಿಸಿರಲಿಲ್ಲ. ಇದ್ದಿಲಿನ ಹಾಗೆ ಕಪ್ಪಗಿದ್ದವು, ಐದು ಸರ. ಕೊಳೆತಿರಬೇಕು ಅಂದಳು.

"ಅಮ್ಮ ಕೊಳೆತ ಮೆಣಸಿನಕಾಯಿ ಪೋಣಿಸಿ ಫೋಟೋಗೆ ನಿಂತ್ಕೊಳ್ಳೋಳಾ? ಒಂದು ಕಾಯಿಗೆ ಚುಕ್ಕೆ ಬಂದ್ರೆ ಹಂದಿಗೆ ಹಾಕೋಳು."

ಮೊಳೆ ಬಾಯಲ್ಲಿ ಕಚ್ಚಿಕೊಂಡಿದ್ದ ಮೇಷ್ಟ್ರು ಅದನ್ನು ತೆಗೆದು, ಇಣುಕಿ ನೋಡಿ, ಇದರಲ್ಲೇನು ವಿಶೇಷ ಅನ್ನುವ ಹಾಗೆ ಹೇಳಿದರು: ಆಗ ಫೋಟೋ ಮೂಡುತ್ತಿದ್ದ ಗಾಜಿನ ಹಲಗೆಗೆ ಕೆಂಪು ಕಾಣುತ್ತಲೇ ಇರಲಿಲ್ಲ, ಕೆಂಪೆಲ್ಲ ಕಪ್ಪಾಗಿ ಬೀಳುತ್ತಿತ್ತು, ತಿಳಿನೀಲಿ ಬೆಳ್ಳಗೆ ಬೀಳುತ್ತಿತ್ತು. ಅವರ ಅಪ್ಪನ ಹತ್ತಿರ ಅಂಥದ್ದೇ ಕ್ಯಾಮೆರಾ ಇತ್ತಂತೆ. ಮುಂಚೆ ಯಾಕೆ ಹೇಳಲಿಲ್ಲ ಅಂತ ತೆರೇಜ್ ಕೇಳಿದಳು.

"ಎತೆಲ್ಕಮ್ಮನಿಗೆ ಹೇಳ್ಕೊಡೋದಾ? ನಮಗ್ಯಾಕಮ್ಮ ಅಷ್ಟು ಧೈರ್ಯ" ಅಂದರು ಮೇಷ್ಟ್ರು.

ಎತೆಲ್ಕಾ ಭೂತಗನ್ನಡಿ ತೆಗೆದು ಫೋಟೋದ ಲಂಗದ ಅಂಚಿಗೆ ಹಿಡಿದಳು. ಆರು ರಿಬ್ಬನ್ನಿನಲ್ಲಿ ಮೇಲಿನಿಂದ ಮೂರನೆಯದು ಎಡ ಮಂಡಿಯ ಹತ್ತಿರ ಸಾಲದೆ ಬಂದು, ತುಂಡು ಸೇರಿಸಿ ಹೊಲಿದದ್ದು ಕಂಡಿತು. ಸೇರಿಸಿದ ತುಂಡು ಒಂದು ಎಳೆಯಷ್ಟು ಅಗಲ ಜಾಸ್ತಿ. ಎದ್ದು ಗೊಂಬೆಯ ಹತ್ತಿರ ಹೋದಳು. ಮಂಡಿ ನೋಯುತ್ತದೆ ಅಂತ ಚರ್ಚಿನಲ್ಲೇ ಮಂಡಿಯೂರದವಳು ಮರದ ಗೊಂಬೆಯ ಮುಂದೆ ಮಂಡಿಯೂರಿದಳು. ಕೆಂಪು ಲಂಗ, ಆರು ಸಾಲು ತಿಳಿನೀಲಿ ರಿಬ್ಬನ್. ಮೂರನೆಯದನ್ನು ಬೆರಳಿನಿಂದ ಸವರುತ್ತಾ ಹೋದಳು. ಎಡ ಮಂಡಿಯ ಹತ್ತಿರ ಬೆರಳು ನಿಂತಿತು.

ಶೋಕದ ವರ್ಷವಲ್ಲ. ಮದುವೆಯ ದಿನ. ಮೂವತ್ತರ ಅಕ್ಟೋಬರು, ಮೆಣಸಿನಕಾಯಿ ಒಣಹಾಕುವ ಕಾಲ. ಸುಮಾರು ಮೂರು ವರ್ಷ ಕಾದವಳು, ಮೂವತ್ತನಾಲ್ಕರ ವಿಧವೆ, ಊರವರ ಕಣ್ಣಿಗೆ ಬೀಳದ ಹಾಗೆ ತನ್ನ ಅಂಗಳದೊಳಗೇ ಹಳೇ ಕೆಂಪು ಲಂಗ ಉಟ್ಟು ನಿಂತಿದ್ದಳು. ಮುಖ ನೋಡದ ಎತೆಲ್ಕಾ ಆಗ ಮುಖ ನೋಡಿದಳು. ಅಮ್ಮ ನಗು ತಡೆಯಲಾರದೆ ತುಟಿ ಕಚ್ಚಿಕೊಂಡಿದ್ದಳು. ಯಾವ ಕಸುಬೂ ಬೇಕಿರಲಿಲ್ಲ, ಯಾರು ನೋಡಿದ್ದರೂ ಗೊತ್ತಾಗುತ್ತಿತ್ತು.

"ಗಂಟಲ್ಲಿ ಇಟ್ಟಿದ್ಲು ಕಣೇ" ಅಂದಳು ಎತೆಲ್ಕಾ. ದನಿ ಎಲ್ಲಿಂದಲೋ ಬಂದಂತಿತ್ತು. "ಇದನ್ನೇ ಉಡ್ಸಿ ಅಂತ ಇಟ್ಟಿದ್ಲು. ನಾನು ತೆಗ್ದುಬಿಟ್ಟೆ."

ತೆರೇಜ್‌ಗೆ ಅದು ಗೊತ್ತಿತ್ತು. ಆ ದಿನ ಬಾಗಿಲ ಹತ್ತಿರ ನಿಂತು ನೋಡಿದ್ದಳು. ಅಕ್ಕನಿಗೆ ಎಲ್ಲ ಗೊತ್ತು ಅಂದುಕೊಂಡು ಸುಮ್ಮನಾಗಿದ್ದಳು. ಈಗ ಪಕ್ಕದಲ್ಲಿ ಕೂತು ಅಕ್ಕನ ಬೆನ್ನ ಮೇಲೆ ಕೈಯಿಟ್ಟಳು. ಮೇಷ್ಟ್ರು ಸುತ್ತಿಗೆ ಹುಡುಕುವ ಕೆಲಸ ನೆನಪಾಗಿ ಹೊರಗೆ ಹೋದರು. ಎತೆಲ್ಕಾ ಅತ್ತಳು. ಇಪ್ಪತ್ತೆರಡು ವರ್ಷದ ಹಿಂದೆ ಅಮ್ಮನ ಹೆಣದ ಮುಂದೆ ಅಳದೆ ಉಳಿಸಿಕೊಂಡದ್ದನ್ನೂ ಸೇರಿಸಿ ಅತ್ತಳು.

ಆಮೇಲೆ ಮೂಗು ಒರೆಸಿಕೊಂಡು ಗೊಂಬೆಯ ಲಂಗ ಬಿಚ್ಚಿದಳು. ಇದು ನನ್ನ ಗಂಟಿನಲ್ಲಿರಲಿ, ನಾನು ಹೋದಾಗ ಮರೆಯದೆ ನನ್ನ ಜೊತೆ ಇಡು ಅಂತ ತಂಗಿಗೆ ಹೇಳಿದಳು.

"ನೀನುಟ್ಕೊಂಡು ಹೋಗ್ತೀಯಾ?"

"ನಾನ್ಯಾಕೆ ಉಟ್ಕೊಳ್ಳಲಿ? ಮಡಚಿಟ್ಟು ಕಳ್ಸು. ಅವಳಿಗೆ ಕೊಡ್ಬೇಕು."

"ಕೊಟ್ಟು ಸುಮ್ನಿರು. ಅಲ್ಲೂ ಎಲ್ಲರ ತೋಳು ನೋಡ್ತಾ ಕೂತ್ಕೋಬೇಡ" ಅಂದಳು ತೆರೇಜ್.

ಭಾನುವಾರ ಉದ್ಘಾಟನೆ ನಡೆಯಿತು. ವರ್ಷದ ಚೀಟಿಗಳನ್ನೆಲ್ಲ ಎತೆಲ್ಕಾ ಹಿಂದಿನ ದಿನವೇ ಕಿತ್ತುಹಾಕಿದ್ದಳು. ಕಪ್ಪುಟ್ಟವರೆಲ್ಲ ಕೆಂಪುಟ್ಟವರಿರಬಹುದು ಅಂತ ಚೊರ್ಬಾನ ಮನೆಯವರಿಗೆ ತಾನೇ ಹೋಗಿ ಹೇಳಿ ಬಂದಿದ್ದಳು. ಅವರು ಸಮಾಧಾನವಾಗಿ ಕೇಳಿಸಿಕೊಂಡರು, ಆದರೆ ಮೇಣದಬತ್ತಿ ನಿಲ್ಲಿಸಲು ಒಪ್ಪಲಿಲ್ಲ. ಇಷ್ಟು ವರ್ಷದ ಮೇಲೆ ಆ ಹಿರಿಯನನ್ನು ಕೈಬಿಡುವುದು ಹೇಗೆ ಅಂದರು. ಕೋಣೆಯಲ್ಲಿ ಗೊಂಬೆ ಬರೀ ಮೈಯಲ್ಲಿ ನಿಂತಿತ್ತು. ಅದರ ಪಕ್ಕ ಅಮ್ಮನ ಫೋಟೋ, ಕೆಳಗೆ ಎತೆಲ್ಕಾಳ ಅಕ್ಷರದಲ್ಲಿ ಇಡೀ ಕೋಣೆಗೆ ಉಳಿದಿದ್ದ ಒಂದೇ ಚೀಟಿ: '೧೯೩೦. ಲಂಗ ಕೆಂಪು. ಉಡಬೇಕಾದವಳಿಗೆ ಇನ್ನೂ ತಲುಪಿಲ್ಲ.'